ಓದಿನ ರುಚಿ

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಒಂದು ಸಂಜೆ ದಯಪಾಲಿಸಿದ ಆಶೀರ್ವಚನದ ಬರಹರೂಪ)



ಮಠಕ್ಕೆ ಬರುವ ಭಕ್ತರು ನಮ್ಮ ಮುಂದೆ ಇಡುವ ಬೇಡಿಕೆಗಳು ಕಾಲಕಾಲಕ್ಕೆ ಬದಲಾಗುತ್ತವೆ. ಹಿಂದೆ ಮಳೆ, ದನ, ಮಗಳ ಮದುವೆ ಎನ್ನುತ್ತಿದ್ದರು. ಈಗ ಹತ್ತು ಮಂದಿ ಬಂದರೆ ಅದರಲ್ಲಿ ಮೂರು ಮಂದಿಯ ಮಾತು ಒಂದೇ. ಹುಡುಗನ ರಟ್ಟೆ ಹಿಡಿದು ನಮ್ಮ ಮುಂದೆ ನಿಲ್ಲಿಸುತ್ತಾರೆ. "ಅಪ್ಪಾರ, ಇವಂಗ ಓದಿನ ಮ್ಯಾಲೆ ಲಕ್ಷ್ಯ ಇಲ್ರಿ. ಒಂದು ತಾಯತ ಕಟ್ಟಿ ಕೊಡ್ರಿ" ಎನ್ನುತ್ತಾರೆ. ಹುಡುಗ ನೆಲ ನೋಡುತ್ತಾನೆ. ನಾವು ಹತ್ತಿರ ಕರೆದು, ಏನು ಓದುತ್ತೀಯಪ್ಪಾ ಎಂದರೆ ಪಾಠಗಳ ಹೆಸರು ಒಪ್ಪಿಸುತ್ತಾನೆ. ಸಾಲಿಯ ಪುಸ್ತಕ ಬಿಟ್ಟು ಮತ್ತೇನು ಓದುತ್ತೀ ಎಂದು ಕೇಳಿದರೆ, ಹುಡುಗನಿಗಿಂತ ಮೊದಲು ತಂದೆಯೇ ಉತ್ತರ ಕೊಟ್ಟುಬಿಡುತ್ತಾರೆ. "ಅದಕ್ಕೆಲ್ಲಾ ಎಲ್ಲಿ ವ್ಯಾಳ್ಯಾ ಐತ್ರಿ ಅಪ್ಪಾರ!"

ತಾಯತ ಕಟ್ಟುವುದು ನಮಗೇನೂ ಕಷ್ಟದ ಕೆಲಸವಲ್ಲ, ಒಂದು ಗೇಣು ದಾರ ಸಾಕು. ಆದರೆ ರೋಗವಿರುವುದು ಹುಡುಗನ ರಟ್ಟೆಯಲ್ಲಿ ಅಲ್ಲ, ತಂದೆ ಕೊಟ್ಟ ಆ ಉತ್ತರದಲ್ಲಿ.

ನಮ್ಮ ಕನ್ನಡದಲ್ಲಿ ಓದು ಎಂಬ ಮಾತಿನಲ್ಲಿ ಎರಡು ಅರ್ಥಗಳು ಕೂಡಿಕೊಂಡಿವೆ. ಶಾಲೆ ಕಲಿಯುವುದೂ ಓದೇ, ಒಂದು ಪುಸ್ತಕ ಹಿಡಿದು ಊಟದ ಕರೆ ಕೇಳಿಸದಷ್ಟು ಅದರಲ್ಲಿ ಮುಳುಗುವುದೂ ಓದೇ. "ನಿಮ್ಮ ಹುಡುಗ ಏನ್ ಓದ್ಯಾನ್ರಿ?" ಎಂದು ಬೀಗರಾಗಲಿರುವವರು ಕೇಳಿದರೆ ನೀವು ಬಿ.ಎ. ಎನ್ನುತ್ತೀರಿ, ಬಿ.ಇ. ಎನ್ನುತ್ತೀರಿ. ಅವನು ಓದಿದ ಪುಸ್ತಕಗಳ ಹೆಸರು ಹೇಳುತ್ತೀರೇನು? ಹೇಳಿದರೆ ಅವರು ಚಹಾ ಕುಡಿಯದೆ ಎದ್ದು ಹೋದಾರು! ಎರಡು ಅರ್ಥಗಳಿಗೂ ಮಾತು ಒಂದೇ ಆದ್ದರಿಂದ, ಮೊದಲನೆಯ ಓದು ನಡೆದಿದ್ದರೆ ಎರಡನೆಯದೂ ತಾನಾಗಿ ನಡೆದಿದೆ ಎಂದು ಎಲ್ಲರೂ ನಂಬಿದ್ದಾರೆ. ಇಂದಿನ ನಮ್ಮ ಮಾತು ಆ ಎರಡನೆಯ ಓದನ್ನು ಕುರಿತದ್ದು. ಅದು ಎಲ್ಲಿ ಹುಟ್ಟುತ್ತದೆ, ಹುಟ್ಟದಿದ್ದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಕನ್ನಡ ಸಾಲಿಗೆ ಹೋಗಿದ್ದೆವು. ಊರಿನ ಹೆಸರು ಬೇಡ. ನಾಲ್ಕನೇ ಇಯತ್ತೆಯ ಒಬ್ಬ ಹುಡುಗ ಎದ್ದು ನಿಂತು ಒಂದು ಪಾಠವನ್ನು ಗಳಗಳನೆ ಓದಿದ. ಮಾಸ್ತರರಿಗೆ ಸಂತೋಷ, ಊರ ಹಿರಿಯರಿಗೆ ಸಂತೋಷ, ನಮಗೂ ಸಂತೋಷವೇ. ಆದರೆ ನೋಡುತ್ತೇವೆ, ಅವನ ಬೆರಳು ಒಂದು ಸಾಲಿನ ಮೇಲಿದೆ, ಬಾಯಿ ಮೂರು ಸಾಲು ಮುಂದೆ ಹೋಗಿದೆ. ನಮ್ಮ ಬಳಿ ಯಾರೋ ಭಕ್ತರು ಕಲ್ಲುಸಕ್ಕರೆ ಕಟ್ಟಿಕೊಟ್ಟಿದ್ದ ಪತ್ರಿಕೆಯ ಹಾಳೆಯಿತ್ತು. ಸಕ್ಕರೆಯನ್ನು ಮಕ್ಕಳಿಗೆ ಹಂಚಿ, ಹಾಳೆಯನ್ನು ಬಿಡಿಸಿ, ಇದರಲ್ಲಿ ಎರಡು ಸಾಲು ಓದು ಮಗು ಎಂದೆವು. ಹುಡುಗ ಹಾಳೆ ನೋಡಿದ. ಮಾಸ್ತರರ ಮುಖ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, "ಇದನ್ನ ನಮಗ ಇನ್ನೂ ಕಲಿಸಿಲ್ರಿ" ಎಂದ.

ಆ ಹುಡುಗ ದಡ್ಡನೆಂದು ಯಾರೂ ತಿಳಿಯಬಾರದು. ಇಡೀ ಪುಸ್ತಕವನ್ನು ಕಿವಿಯಿಂದ ಕೇಳಿಯೇ ಕಂಠಪಾಠ ಮಾಡಿದ್ದ ಹುಡುಗ ಅವನು. ಅಂಥ ನೆನಪಿನ ಶಕ್ತಿ ನಮ್ಮಲ್ಲಿ ಎಷ್ಟು ಮಂದಿಗಿದೆ? ಅವನಿಗೆ ಗೊತ್ತಿದ್ದದ್ದು ಆ ಪುಸ್ತಕದ ಪುಟಗಳು ಮಾತ್ರ. ಹಿಂದೆ ಕಾಣದ ಒಂದು ಪುಟ ಎದುರಿಗೆ ಬಂದಾಗ, ಅದನ್ನು ತಾನೇ ಬಿಡಿಸಿಕೊಳ್ಳಬಹುದು ಎಂಬ ಸಂಗತಿಯೇ ಅವನಿಗೆ ಹೊಳೆದಿರಲಿಲ್ಲ. ಓದು ಎಂದರೆ ಯಾರೋ ಕಲಿಸಿದ್ದನ್ನು ಒಪ್ಪಿಸುವುದು ಎಂದು ತಿಳಿದಿದ್ದ.

ಇಂಥ ಮಕ್ಕಳು ಒಬ್ಬರಿಬ್ಬರಲ್ಲ. ಮನೆಮನೆಗೆ ಹೋಗಿ ಮಕ್ಕಳ ಮುಂದೆ ಒಂದು ಪುಟ ಹಿಡಿದು ಓದಿಸಿ ನೋಡುವ 'ಅಸರ್' ಎಂಬ ಸಮೀಕ್ಷೆ ನಮ್ಮ ದೇಶದಲ್ಲಿ 2005ರಲ್ಲಿ ಆರಂಭವಾಯಿತು. ಅದರ 2018ರ ವರದಿಯಲ್ಲಿ, ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಮಟ್ಟದ ಪಾಠ ಓದಬಲ್ಲವರು ನೂರಕ್ಕೆ ಸುಮಾರು 50 ಇದ್ದರು. ನಡುವೆ ಕೊರೊನಾ ಬಂದು ಶಾಲೆಗಳು ಮುಚ್ಚಿದವು. 2022ರ ವರದಿಯಲ್ಲಿ ಆ ಸಂಖ್ಯೆ 43ಕ್ಕಿಂತ ಕೆಳಗಿಳಿಯಿತು. 2024ರ ಹೊತ್ತಿಗೆ ಮತ್ತೆ ಸ್ವಲ್ಪ ಚೇತರಿಸಿಕೊಂಡಿದೆ, ನಿಜ. ಆದರೂ ಲೆಕ್ಕ ಹಾಕಿರಿ, ಐದು ವರ್ಷ ಪಾಟಿಚೀಲ ಹೊತ್ತ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಒಂದು ಸಣ್ಣ ಕಥೆಯನ್ನು ಓದಲು ಬರುವುದಿಲ್ಲ.

ಹೀಗೇಕಾಗುತ್ತದೆ? ತಪ್ಪನ್ನೆಲ್ಲ ಮಾಸ್ತರರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಸುಲಭ. ನಾವು ಹಾಗೆ ಮಾಡುವುದಿಲ್ಲ. ಮಗುವಿನ ಮುಂದಿರುವ ಕೆಲಸ ಎಷ್ಟೆಂಬುದನ್ನು ನೋಡಿರಿ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳು ಎನ್ನುತ್ತೇವೆ. ಆದರೆ 34 ವ್ಯಂಜನಗಳಿಗೂ ಕಾಗುಣಿತ ಬರೆದರೆ ನಾನೂರಕ್ಕೂ ಹೆಚ್ಚು ರೂಪಗಳಾಗುತ್ತವೆ. ಅದರ ಮೇಲೆ ಒತ್ತಕ್ಷರಗಳು. ಒಂದು ಗುಣ ನಮ್ಮ ಲಿಪಿಗಿದೆ, ಬರೆದಂತೆ ಓದಬಹುದು. ಇಂಗ್ಲಿಷಿನ ಹಾಗೆ ಬರೆಯುವುದೊಂದು, ನುಡಿಯುವುದೊಂದು ಇಲ್ಲ. ಆದ್ದರಿಂದ ಕಷ್ಟಪಟ್ಟ ಮಗು ಎರಡು ಮೂರು ವರ್ಷಗಳಲ್ಲಿ ಅಕ್ಷರ ಕೂಡಿಸಿ ಶಬ್ದ ಮಾಡುವುದನ್ನು ಕಲಿಯುತ್ತದೆ. ದೊಡ್ಡವರೆಲ್ಲ ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಮಗುವಿನ ನಿಜವಾದ ಕಷ್ಟ ಸುರುವಾಗುವುದೇ ಅಲ್ಲಿಂದ.

ಸೈಕಲ್ಲು ಕಲಿಯುವ ಹುಡುಗನನ್ನು ನೀವು ನೋಡಿದ್ದೀರಿ. ನಿಧಾನವಾಗಿ ತುಳಿದರೆ ಬೀಳುತ್ತಾನೆ, ಸ್ವಲ್ಪ ವೇಗ ಬಂದಾಗಲೇ ಸೈಕಲ್ಲು ಅವನನ್ನು ಎತ್ತಿ ನಿಲ್ಲಿಸುತ್ತದೆ. ಓದಿನಲ್ಲಿಯೂ ಹಾಗೆಯೇ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಸಾಲಿನ ತುದಿ ಮುಟ್ಟುವಷ್ಟರಲ್ಲಿ ಸಾಲಿನ ತಲೆ ಮರೆತುಹೋಗಿರುತ್ತದೆ. ಅದರಲ್ಲಿಯೂ ನಮ್ಮ ಕನ್ನಡದಲ್ಲಿ ಕ್ರಿಯಾಪದ ಬರುವುದು ಕಟ್ಟಕಡೆಗೆ. ಯಾರು, ಎಲ್ಲಿ, ಯಾವಾಗ, ಯಾರೊಡನೆ ಎಂಬುದನ್ನೆಲ್ಲ ಮನಸ್ಸಿನಲ್ಲಿ ಹಿಡಿದುಕೊಂಡು ಕೊನೆಯವರೆಗೆ ಬಂದರೆ ಮಾತ್ರ 'ಹೋದನು' ಎಂಬುದಕ್ಕೆ ಅರ್ಥ. ದಾರಿಯಲ್ಲಿಯೇ ಎಲ್ಲವನ್ನೂ ಚೆಲ್ಲಿಕೊಂಡು ಬಂದ ಮಗುವಿಗೆ ಕೊನೆಗೆ ಉಳಿಯುವುದು 'ಹೋದನು' ಒಂದೇ. ಯಾರು ಹೋದರೋ, ಏಕೆ ಹೋದರೋ! ಅಂಥ ಓದು ಯಾರಿಗೆ ಬೇಕಾದೀತು?

ವೇಗ ಬರಬೇಕಾದರೆ ನೂರಾರು ಪುಟ ಓದಬೇಕು. ವರ್ಷಕ್ಕೊಂದು ಕನ್ನಡ ಪುಸ್ತಕದಲ್ಲಿರುವ ಬೆರಳೆಣಿಕೆಯ ಪಾಠಗಳಿಂದ ಅದು ಸಾಧ್ಯವಿಲ್ಲ. ಅವು ಎರಡು ಮೂರು ತಿಂಗಳಲ್ಲಿ ಬಾಯಿಪಾಠವಾಗುತ್ತವೆ, ಮುಂದೆ ಕಣ್ಣಿಗೆ ಕೆಲಸವೇ ಇಲ್ಲ. ನೂರಾರು ಪುಟಗಳನ್ನು ಹೊಡೆದು ಓದಿಸಲು ಬರುತ್ತದೆಯೇ? ಹತ್ತು ಪುಟ ಓದಿಸಬಹುದು. ಹನ್ನೊಂದನೆಯದಕ್ಕೆ ಮಗುವೇ ಕೈ ಚಾಚಬೇಕು. ಆದ್ದರಿಂದಲೇ ನಾವು ಹೇಳುವುದು, ಓದಿನ ರುಚಿ ಎಂಬುದು ಉಳ್ಳವರ ಮನೆಯ ಮಕ್ಕಳ ಶೋಕಿಯಲ್ಲ. ಓದಲು ಬಂದ ಮೇಲೆ ರುಚಿ ತಾನಾಗಿ ಬರುತ್ತದೆ ಎಂದು ನೀವು ತಿಳಿದಿದ್ದೀರಿ. ರುಚಿ ಹತ್ತಿದವನಿಗೇ ಓದಲು ಬರುತ್ತದೆ.

ಹಾಗಾದರೆ ಅಕ್ಷರವೇ ಬಾರದ ಮಗುವಿಗೆ ರುಚಿ ಹತ್ತುವುದು ಹೇಗೆ? ಕಿವಿಯಿಂದ. ಈ ಪ್ರವಚನ ನಡೆದಿರುವುದು ಯಾವ ಮಾಸದಲ್ಲಿ? ಶ್ರಾವಣ ಎಂದೊಡನೆ ನಮಗೆ ಶ್ರವಣ ನೆನಪಾಗಬೇಕು. ನಮ್ಮ ಹಳ್ಳಿಗಳಲ್ಲಿ ಶ್ರಾವಣ ಬಂತೆಂದರೆ ಗುಡಿಯಲ್ಲಿ ಪುರಾಣ ಹಚ್ಚುತ್ತಿದ್ದರು. ಒಬ್ಬರು ರಾಗವಾಗಿ ಓದುವವರು, ಇನ್ನೊಬ್ಬರು ಅರ್ಥ ಹೇಳುವವರು. ಕೇಳುವವರಲ್ಲಿ ಬಹಳ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಯಾವ ಶಬ್ದದ ಹಿಂದೆ ಯಾವುದು ಬರುತ್ತದೆ, ಕಥೆ ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಅವರ ಕಿವಿಗೆ ಗೊತ್ತಿತ್ತು. ತಾಯಿಯ ತೊಡೆಯ ಮೇಲೆ ಅರೆನಿದ್ದೆಯಲ್ಲಿ ಮಲಗಿದ್ದ ಮಗುವಿನ ಕಿವಿಗೂ ಅದು ಬೀಳುತ್ತಿತ್ತು. ಮನೆಯಲ್ಲಿ ಆ ಮಗು "ಅಪ್ಪ ಹೊಲಕ್ಕ ಹೊಂಟಾನ" ಎನ್ನುತ್ತದೆ. ಪುಸ್ತಕದಲ್ಲಿ 'ತಂದೆಯು ಹೊಲಕ್ಕೆ ಹೊರಟಿದ್ದಾನೆ' ಎಂದಿರುತ್ತದೆ. ದೊಡ್ಡವರಿಗೆ ಇದು ಒಂದೇ ಮಾತು, ಆರು ವರ್ಷದ ಮಗುವಿಗೆ ಅಲ್ಲ. ಮನೆಯಲ್ಲಿ ಲಂಬಾಣಿ ಮಾತೋ, ಉರ್ದುವೋ, ತೆಲುಗೋ ಆಗಿದ್ದರಂತೂ ಪುಸ್ತಕದ ಕನ್ನಡ ಇನ್ನೂ ದೂರ. ಆ ಕನ್ನಡವನ್ನು ಮೊದಲು ಕಿವಿಯಲ್ಲಿ ಪರಿಚಯ ಮಾಡಿಕೊಂಡ ಮಗು ಮುಂದೆ ಅದನ್ನು ಹಾಳೆಯ ಮೇಲೆ ಕಂಡಾಗ ನೆಂಟರನ್ನು ಕಂಡಂತೆ ಗುರುತು ಹಿಡಿಯುತ್ತದೆ.

ಪೂರ್ವಾಶ್ರಮದ ಮಾತನ್ನು ನಾವು ಸಾಮಾನ್ಯವಾಗಿ ಆಡುವುದಿಲ್ಲ. ಆದರೂ ವಿಷಯಕ್ಕೆ ಸಂಬಂಧಪಟ್ಟದ್ದು, ಒಂದಿಷ್ಟು ಹೇಳಬಹುದು. ನಮ್ಮ ಊರಿನ ಕಿರಾಣಿ ಅಂಗಡಿಯಲ್ಲಿ ಬೆಲ್ಲ, ಚಹಾಪುಡಿಗಳನ್ನು ಹಳೆಯ ಹಾಳೆಗಳಲ್ಲಿ ಕಟ್ಟಿಕೊಡುತ್ತಿದ್ದರು. ಒಂದು ದಿನ ಬೆಲ್ಲದ ಪೊಟ್ಟಣ ಬಿಚ್ಚಿದರೆ 'ಚಂದಮಾಮ'ದ ಹಾಳೆ. ಮದರಾಸಿನಿಂದ 1947ರಲ್ಲಿ ತೆಲುಗು, ತಮಿಳುಗಳಲ್ಲಿ ಹೊರಟು ಮುಂದೆ ಕನ್ನಡಕ್ಕೂ ಬಂದ ಮಕ್ಕಳ ಪತ್ರಿಕೆ ಅದು. ಈಗ ನಿಂತುಹೋಗಿದೆ. ಆ ಹಾಳೆಯಲ್ಲಿದ್ದದ್ದು ಬೇತಾಳನ ಕಥೆ. ಹೆಗಲ ಮೇಲಿನ ಹೆಣ ರಾಜನಿಗೆ ಕಥೆ ಹೇಳುತ್ತಿದೆ, ಕೊನೆಗೆ ಪ್ರಶ್ನೆ ಕೇಳುತ್ತದೆ. ಪ್ರಶ್ನೆಯ ಹತ್ತಿರಕ್ಕೆ ಬಂದಾಗ ಹಾಳೆ ಮುಗಿಯಿತು! ಮುಂದಿನ ಹಾಳೆ ಯಾರ ಮನೆಗೆ ಯಾವ ಸಾಮಾನಿನ ಜೊತೆ ಹೋಗಿತ್ತೋ. ನಾವು ಅಂಗಡಿಗೆ ಓಡಿದೆವು. ಅಂಗಡಿಯ ಹಿರಿಯರು ನಕ್ಕು, ರದ್ದಿಯ ಗಂಟನ್ನು ಮುಂದೆ ಸರಿಸಿ, "ಹುಡುಕ್ಕೋ, ಆದರ ಚೆಲ್ಲಾಪಿಲ್ಲಿ ಮಾಡಬ್ಯಾಡ" ಎಂದರು. ಜೋಳದ ಚೀಲದ ಮೇಲೆ ಕುಳಿತು ಎಷ್ಟು ಸಂಜೆ ಹುಡುಕಿದೆವೋ. ಆ ಹಾಳೆ ಸಿಗಲಿಲ್ಲ, ಬೇರೆ ನೂರಾರು ಹಾಳೆಗಳನ್ನು ಓದಿಬಿಟ್ಟಿದ್ದೆವು. ಕೊನೆಗೆ ಬೇತಾಳನ ಪ್ರಶ್ನೆಯನ್ನೂ ರಾಜನ ಉತ್ತರವನ್ನೂ ನಾವೇ ಕಟ್ಟಿಕೊಂಡೆವು. ಬಹಳ ವರ್ಷಗಳ ಮೇಲೆ ಪೂರ್ತಿ ಕಥೆ ಓದಲು ಸಿಕ್ಕಾಗ, ನಾವು ಕಟ್ಟಿದ್ದೇ ಹೆಚ್ಚು ಚೆನ್ನಾಗಿತ್ತು ಎನ್ನಿಸಿತು. ಇದನ್ನು ಅಹಂಕಾರವೆಂದು ತಿಳಿಯಬೇಡಿ, ಎಲ್ಲ ಮಕ್ಕಳಿಗೂ ಹಾಗೆಯೇ ಅನ್ನಿಸುತ್ತದೆ.

ಅಂಗಡಿಯ ಆ ಹಿರಿಯರು ನಮಗೆ ಏನು ಕಲಿಸಿದರು? ಏನನ್ನೂ ಕಲಿಸಲಿಲ್ಲ. ಕುಳಿತುಕೊಳ್ಳಲು ಜಾಗ ಕೊಟ್ಟರು, ಎಬ್ಬಿಸಿ ಕಳಿಸಲಿಲ್ಲ, ಓದಿದ್ದರ ಮೇಲೆ ಪರೀಕ್ಷೆ ತೆಗೆದುಕೊಳ್ಳಲಿಲ್ಲ. ಇಷ್ಟೇ ಸಾಕು.

ಇಲ್ಲಿ ಕುಳಿತ ತಾಯಂದಿರು ಒಂದು ಮಾತು ಕೇಳುತ್ತಾರೆ, ನಮಗೆ ಗೊತ್ತು. "ನಮಗ ಅಕ್ಷರ ಬರೂದಿಲ್ರಿ ಅಪ್ಪಾರ, ನಾವೇನು ಓದಿ ಹೇಳೂದು?" ತಾಯೀ, ನೀವು ಓದಬೇಕಾಗಿಲ್ಲ, ಕೇಳಿದರೆ ಸಾಕು. ರೊಟ್ಟಿ ಬಡಿಯುವಾಗ ಮಗುವನ್ನು ಒಲೆಯ ಹತ್ತಿರ ಕೂರಿಸಿಕೊಂಡು, ಅದೇನೈತಿ ಓದು ನೋಡೋಣ ಎನ್ನಿರಿ. ತಡವರಿಸಿದರೆ ತಿದ್ದಬೇಡಿ, ತಿದ್ದಲು ನಿಮಗೆ ಬರುವುದೂ ಇಲ್ಲ, ಅದೇ ಒಳ್ಳೆಯದಾಯಿತು! ಓದು ನಿಂತಾಗ "ಮುಂದೇನಾತು?" ಎಂದು ಒಂದು ಮಾತು ಕೇಳಿರಿ. ತನಗೆ ಗೊತ್ತಿದ್ದು ತಾಯಿಗೆ ಗೊತ್ತಿಲ್ಲದ ಒಂದು ಸಂಗತಿ ತನ್ನ ಕೈಯಲ್ಲಿದೆ ಎಂದು ಮಗುವಿಗೆ ತಿಳಿದ ಗಳಿಗೆಯಲ್ಲಿ ಅದರ ಬೆನ್ನು ನೆಟ್ಟಗಾಗುತ್ತದೆ. ಕಥೆ ಮುಗಿದ ಮೇಲೆ, ಇದರಿಂದ ನೀನು ಕಲಿತ ನೀತಿಯೇನು ಎಂದು ಮಾತ್ರ ಕೇಳಬೇಡಿ. ನೀತಿ ಹೇಳುವುದಕ್ಕೆ ನಾವು ಸ್ವಾಮಿಗಳು ಇದ್ದೇವಲ್ಲ!

ಹೀಗೆ ತಾಯಿಗೆ ಓದಿ ಹೇಳುತ್ತಿದ್ದ ಒಂದು ಹುಡುಗಿಯ ಸಂಗತಿ ನೆನಪಾಗುತ್ತದೆ. ತಂದೆ ತೀರಿಕೊಂಡಿದ್ದರು. ಎರಡು ಎಕರೆ ಹೊಲ, ದುಡಿಯುವ ಗಂಡಾಳು ಇಲ್ಲ. ಊರಿನವರೇ ಒಬ್ಬರು ಬಂದು, ಹೊಲವನ್ನು ಮೂರು ವರ್ಷ ನಮಗೆ ಲಾವಣಿ ಹಾಕು, ವರ್ಷಕ್ಕಿಷ್ಟು ಕೊಡುತ್ತೇವೆ ಎಂದರು. ತಾಯಿ ಒಪ್ಪಿದಳು. ಒಂದು ದಿನ ಸಂಜೆ ಕಾಗದ ಬಂತು, ಹೆಬ್ಬೆಟ್ಟಿಗೆ ಮಸಿಯ ಡಬ್ಬಿಯೂ ಬಂತು. ಐದನೇ ಇಯತ್ತೆಯ ಹುಡುಗಿ ತಾಯಿಯ ಪಕ್ಕದಲ್ಲಿ ಕುಳಿತಿದ್ದಳು. ದಿನಾ ಓದಿ ಹೇಳುವ ರೂಢಿ ನೋಡಿ, ಯಾರೂ ಹೇಳದೆ ಕಾಗದ ಎಳೆದುಕೊಂಡು ದೊಡ್ಡ ದನಿಯಲ್ಲಿ ಓದತೊಡಗಿದಳು. ಅರ್ಥವಾಗದ ಶಬ್ದಗಳೇ ಹೆಚ್ಚು. ಒಂದು ಕಡೆ ನಿಂತಳು. "ಯವ್ವಾ, ಇದರಾಗ ಲಾವಣಿ ಅಂತ ಇಲ್ಲ. ಖರೀದಿ ಅಂತ ಐತಿ." ಮಸಿಯಲ್ಲಿ ಅದ್ದಿದ್ದ ಹೆಬ್ಬೆಟ್ಟನ್ನು ತಾಯಿ ಸೆರಗಿಗೆ ಒರೆಸಿಕೊಂಡಳು. ಆ ಮಸಿ ಹತ್ತಿದ ಸೀರೆಯಲ್ಲಿಯೇ ಮರುದಿನ ಮಗಳ ಕೈ ಹಿಡಿದುಕೊಂಡು ಮಠಕ್ಕೆ ಬಂದಿದ್ದಳು. ಹೊಲ ಉಳಿಯಿತು.

ಆ ಹುಡುಗಿಗೆ ಆ ಕಾಗದವನ್ನು ಯಾವ ಮಾಸ್ತರರೂ ಕಲಿಸಿರಲಿಲ್ಲ. ಕಂಠಪಾಠ ಮಾಡಿದ್ದ ಆ ಇನ್ನೊಬ್ಬ ಹುಡುಗ ಅಲ್ಲಿ ಕುಳಿತಿದ್ದರೆ ಏನೆನ್ನುತ್ತಿದ್ದ? ಇದನ್ನು ನಮಗೆ ಇನ್ನೂ ಕಲಿಸಿಲ್ಲ ಎನ್ನುತ್ತಿದ್ದ. ಬದುಕು ನಮ್ಮ ಮುಂದೆ ತರುವ ಕಾಗದಗಳೆಲ್ಲ ಕಲಿಸದೆ ಇದ್ದ ಕಾಗದಗಳೇ. ಸಾಲದ ಪತ್ರ, ಆಸ್ಪತ್ರೆಯ ಚೀಟಿ, ಕ್ರಿಮಿನಾಶಕದ ಡಬ್ಬಿಯ ಮೇಲಿನ ಸಣ್ಣ ಅಕ್ಷರ.

ಆದರೆ ಹೊಲ ಉಳಿಸುವುದಕ್ಕಾಗಿಯೇ ಓದು ಎಂದರೆ ನಮ್ಮ ಮಾತು ಅರ್ಧಕ್ಕೆ ನಿಂತಂತಾಗುತ್ತದೆ. ನಮ್ಮ ಪ್ರಸಾದ ನಿಲಯದಲ್ಲಿ ತಂದೆಯನ್ನು ಕಳೆದುಕೊಂಡ ಒಬ್ಬ ಹುಡುಗನಿದ್ದ. ಬಂದು ಆರು ತಿಂಗಳಾದರೂ ಯಾರ ಹತ್ತಿರವೂ ಮಾತಿಲ್ಲ. ಊಟ ಮಾಡುತ್ತಾನೆ, ಶಾಲೆಗೆ ಹೋಗುತ್ತಾನೆ, ಬರುತ್ತಾನೆ. ನಾವು ಸಮಾಧಾನದ ಮಾತು ಹೇಳಿದೆವು, ಮಾಸ್ತರರು ಹೇಳಿದರು, ಕೇಳಿಕೊಂಡು ಸುಮ್ಮನೆ ಕೂಡುತ್ತಿದ್ದ. ಒಂದು ದಿನ ಒಂದು ಕಥೆಪುಸ್ತಕ ಹಿಡಿದುಕೊಂಡು ನಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತ. ಪುಟದ ಮೇಲೆ ಬೆರಳಿಟ್ಟು, "ಅಪ್ಪಾರ, ಈ ಹುಡುಗಗೂ ಅಪ್ಪ ಇಲ್ಲ" ಎಂದ. ಇಷ್ಟೇ ಅವನ ಮಾತು. ಅಂದಿನಿಂದ ಅವನು ಮಾತನಾಡತೊಡಗಿದ. ನಾವೆಲ್ಲ ಹೇಳಿದ ಸಮಾಧಾನ ಅವನ ಹೊರಗೇ ನಿಂತಿತ್ತು. ಅವನು ತಾನೇ ಓದಿ ಕಂಡುಕೊಂಡ ಒಬ್ಬ ಗೆಳೆಯ ಒಳಕ್ಕೆ ಹೋಗಿದ್ದ. ತನ್ನ ದುಃಖ ತನ್ನೊಬ್ಬನದೇ ಅಲ್ಲ ಎಂದು ತಿಳಿದ ಮಗು ಇನ್ನೊಬ್ಬರ ದುಃಖವನ್ನೂ ತಿಳಿಯುತ್ತದೆ. ಈ ಕೆಲಸವನ್ನು ಪ್ರವಚನ ಮಾಡಲಾರದು. ಪ್ರವಚನ ಎಲ್ಲರಿಗೂ ಒಟ್ಟಿಗೆ ಹೇಳುವಂಥದು, ಪುಸ್ತಕ ಒಬ್ಬನ ಕಿವಿಯಲ್ಲಿ ಹೇಳುತ್ತದೆ.

ನಮ್ಮ ಹಿರಿಯರು ಇದಕ್ಕಾಗಿ ಪಟ್ಟ ಕಷ್ಟವನ್ನು ಈಗಿನವರಿಗೆ ಹೇಳಿದರೆ ಕಥೆಯೆನ್ನುತ್ತಾರೆ. ಹಾವೇರಿಯ ಸೀಮೆಯಲ್ಲಿ ತುಂಗಭದ್ರೆ, ವರದೆಯರು ಕೂಡುವ ಜಾಗದಲ್ಲಿ ಗಳಗನಾಥ ಎಂಬ ಊರಿದೆ. ಆ ಊರಿನ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಊರಿನ ಹೆಸರಿನಿಂದಲೇ ಗಳಗನಾಥರೆಂದು ಪ್ರಸಿದ್ಧರಾದರು. ವೃತ್ತಿಯಿಂದ ಕನ್ನಡ ಸಾಲಿಯ ಮಾಸ್ತರರು. ಆಗ ಈ ಭಾಗವೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮನೆಯಲ್ಲಿ ಕನ್ನಡ ಮಾತನಾಡುವವರೂ ಓದಬೇಕೆಂದರೆ ಮರಾಠಿ ಪುಸ್ತಕ ಹಿಡಿಯುತ್ತಿದ್ದರು. ಕನ್ನಡದಲ್ಲಿ ಮನಸ್ಸನ್ನು ಹಿಡಿದು ಕೂರಿಸುವ ಕಥೆಗಳು ಕಡಿಮೆಯಿದ್ದವು. ಗಳಗನಾಥರು ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ತಾವೂ ಬರೆದರು, 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ನಡೆಸಿದರು. ಬರೆದು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಪುಸ್ತಕದ ಗಂಟು ಹೊತ್ತುಕೊಂಡು, ಬಳೆಗಾರರು ಬಳೆಯ ಮಲಾರ ಹೊತ್ತಂತೆ, ಊರೂರು ತಿರುಗಿ ಮಾರಿದರು. ಓದುವವರು ಹುಟ್ಟಿದ ಮೇಲೆ ಬರೆಯೋಣ ಎಂದು ಅವರು ಕಾದಿದ್ದರೆ ಇಂದಿಗೂ ಕಾಯುತ್ತಲೇ ಇರಬೇಕಾಗಿತ್ತು. ಕರಾವಳಿಯಲ್ಲಿ ಪಂಜೆ ಮಂಗೇಶರಾಯರು (1874–1937) ಶಾಲೆಗಳ ತಪಾಸಣಾಧಿಕಾರಿಯಾಗಿದ್ದವರು, ಮಕ್ಕಳಿಗೆಂದೇ ಹಾಡು, ಕಥೆ ಬರೆದರು. ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನು ಮೂರು ಸಂಪುಟಗಳಲ್ಲಿ ಕಟ್ಟಿಕೊಟ್ಟರು. ಇವರೆಲ್ಲ ದೊಡ್ಡವರಿಗೆ ಬರೆದು ದೊಡ್ಡ ಹೆಸರು ಪಡೆಯಬಲ್ಲವರು. ಮಕ್ಕಳ ಕೆಲಸ ಸಣ್ಣ ಕೆಲಸವೆಂದು ಅವರಿಗೆ ಅನ್ನಿಸಲಿಲ್ಲ.

ಪುಸ್ತಕಕ್ಕೆ ನಾವು ಗೌರವ ಕೊಡುವುದಿಲ್ಲವೆಂದಲ್ಲ. ಹೆಚ್ಚೇ ಕೊಡುತ್ತೇವೆ, ತೊಂದರೆಯಾಗಿರುವುದು ಅಲ್ಲಿಯೇ. ನವರಾತ್ರಿಯಲ್ಲಿ ಪುಸ್ತಕಗಳನ್ನು ಜೋಡಿಸಿ ಕುಂಕುಮ ಹಚ್ಚುತ್ತೇವೆ. ಕಾಲು ತಗಲಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಶರಣರ ವಚನಗಳಿಗೂ ಒಂದು ಕಾಲದಲ್ಲಿ ಈ ಗತಿಯೇ ಬಂದಿತ್ತು. ತಾಡೋಲೆಯ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲಿಟ್ಟು ಪತ್ರಿ ಏರಿಸುತ್ತಿದ್ದ ಮನೆಗಳಿದ್ದವು. ಬಿಚ್ಚಿ ಓದುವವರು ಕಡಿಮೆ. ಫ.ಗು. ಹಳಕಟ್ಟಿಯವರು ಊರೂರು ಅಲೆದು ಆ ಕಟ್ಟುಗಳನ್ನು ಹುಡುಕಿ, ಓದಿ, 1923ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ವಕೀಲಿ ಮಾಡಿ ಸುಖವಾಗಿರಬಹುದಾಗಿದ್ದ ಮನುಷ್ಯರು ಅವರು. ಪೂಜೆಗೊಳ್ಳುತ್ತಿದ್ದದ್ದನ್ನು ಅವರು ಓದುವ ವಸ್ತುವನ್ನಾಗಿ ಮಾಡಿದರು. ಇಲ್ಲದಿದ್ದರೆ ಇಂದು ನಮ್ಮ ನಿಮ್ಮ ಬಾಯಲ್ಲಿರುವ ಎಷ್ಟೋ ವಚನಗಳು ಇನ್ನೂ ಬಟ್ಟೆಯ ಗಂಟಿನೊಳಗೇ ಇರುತ್ತಿದ್ದವು.

ಆ ಬಟ್ಟೆಯ ಗಂಟು ಈಗ ಕಬ್ಬಿಣದ ಕಪಾಟಾಗಿದೆ. ಒಂದು ಶಾಲೆಯಲ್ಲಿ ನೋಡಿದೆವು, ಕಪಾಟಿನ ತುಂಬ ಹೊಸ ಪುಸ್ತಕ, ಗಾಜಿನ ಬಾಗಿಲಿಗೆ ಬೀಗ. ಒಳಗೆ ಹುಲಿಯ ಚಿತ್ರವಿದ್ದ ಒಂದು ಪುಸ್ತಕ, ಹೊರಗೆ ಗಾಜಿಗೆ ಮೂಗು ಒತ್ತಿ ನಿಂತ ಮಕ್ಕಳು. ಗಾಜಿನ ಮೇಲೆ ಅವರ ಮೂಗಿನ ಗುರುತುಗಳು ಸಾಲಾಗಿ ಮೂಡಿದ್ದವು. ಬೀಗವೇಕೆ ಎಂದರೆ ಹೆಡ್ಮಾಸ್ತರರು, "ಹರದು ಹಾಕ್ತಾರ್ರಿ, ಕಳದರ ನಾವ ಕಟ್ಟಿಕೊಡಬೇಕು" ಎಂದರು. ಪಾಪ, ಅವರ ಭಯ ಸುಳ್ಳಲ್ಲ, ದಾಸ್ತಾನು ತಪಾಸಣೆ ಆಗುತ್ತದೆ. ನಾವು ಹೇಳಿದೆವು, ಮಾಸ್ತರೇ, ಹರಿದ ಪುಸ್ತಕಗಳ ಹಣ ಮಠದ ಲೆಕ್ಕಕ್ಕೆ ಬರೆಯಿರಿ, ಬೀಗ ತೆಗೆಯಿರಿ. ವರ್ಷದ ಕೊನೆಗೆ ಲೆಕ್ಕ ಬಂತು. ಹರಿದದ್ದು ಒಂಬತ್ತು ಪುಸ್ತಕ, ಕಳೆದದ್ದು ಎರಡು. ಆ ಎರಡು ಯಾವ ಮನೆಯಲ್ಲಿವೆಯೋ, ಅಲ್ಲಿ ಯಾರೋ ಓದುತ್ತಿದ್ದಾರೆಂದೇ ನಾವು ತಿಳಿದಿದ್ದೇವೆ.

ನಿಮ್ಮ ನಿಮ್ಮ ಊರಿನಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಎಲ್ಲಿದೆ ಎಂದು ಎಷ್ಟು ಮಂದಿಗೆ ಗೊತ್ತು? ಕೈ ಎತ್ತಿರಿ ನೋಡೋಣ. ಇಷ್ಟೇ ಮಂದಿ! ಮನೆಯ ಕಂದಾಯದ ರಸೀತಿಯನ್ನು ನಾಳೆ ತೆಗೆದು ನೋಡಿರಿ. ನೂರು ರೂಪಾಯಿ ಕಂದಾಯಕ್ಕೆ 6 ರೂಪಾಯಿ ಗ್ರಂಥಾಲಯ ಕರವೆಂದು ಕಟ್ಟುತ್ತೀರಿ. ಹಣ ಕೊಟ್ಟು ಕೊಂಡ ಎತ್ತನ್ನು ಯಾರಾದರೂ ಸಂತೆಯಲ್ಲಿ ಬಿಟ್ಟು ಬರುತ್ತಾರೆಯೇ? ನಮ್ಮ ರಾಜ್ಯದಲ್ಲಿ ಇಂಥ ಗ್ರಂಥಾಲಯಗಳು 5 ಸಾವಿರಕ್ಕೂ ಹೆಚ್ಚಿವೆ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ 'ಓದುವ ಬೆಳಕು' ಎಂಬ ಕಾರ್ಯಕ್ರಮ ತಂದು, 6ರಿಂದ 18 ವರ್ಷದ ಮಕ್ಕಳಿಗೆ ಉಚಿತವಾಗಿ ಸದಸ್ಯತ್ವ ಕೊಡಲು ಆರಂಭಿಸಿದರು. ಈಗ ಅವುಗಳಿಗೆ 'ಅರಿವು ಕೇಂದ್ರ' ಎಂದು ಹೆಸರು. ಎಲ್ಲ ಊರುಗಳಲ್ಲಿಯೂ ಚೆನ್ನಾಗಿ ನಡೆದಿವೆ ಎಂದು ನಾವು ಹೇಳುವುದಿಲ್ಲ. ಕೆಲವು ಕಡೆ ಮಕ್ಕಳು ಕುಳಿತುಕೊಳ್ಳಲು ಜಾಗ ಸಾಲುತ್ತಿಲ್ಲ, ಕೆಲವು ಕಡೆ ಬಾಗಿಲಿಗೆ ಜೇಡರ ಬಲೆ. ಹಿರಿಯರು ದಿನಕ್ಕೊಮ್ಮೆ ಪತ್ರಿಕೆ ನೋಡುವ ನೆಪದಲ್ಲಾದರೂ ಹೋಗಿ ಕುಳಿತರೆ ಬಾಗಿಲು ತೆರೆಯಲೇಬೇಕಾಗುತ್ತದೆ.

ಮೊಬೈಲಿನ ಮಾತನ್ನು ಯಾರಾದರೂ ಎತ್ತುವ ಮೊದಲು ನಾವೇ ಎತ್ತಿಬಿಡುತ್ತೇವೆ. ಅದನ್ನು ಬೈಯುವುದು ಈಗ ಒಂದು ಆಚಾರವಾಗಿದೆ, ಬೈಯುವವರ ಜೇಬಿನಲ್ಲಿಯೂ ಅದೇ ಇರುತ್ತದೆ. ನಾವು ಕೇಳುವುದು ಇಷ್ಟೇ. ಸಂಜೆ ಮಗುವಿಗೆ ಓದಿಕೋ ಎಂದು ಹೇಳಿ, ತಂದೆ ಕಟ್ಟೆಯ ಮೇಲೆ ಮೊಬೈಲು ನೋಡುತ್ತ ನಗುತ್ತ ಕುಳಿತರೆ, ಮಗು ಯಾವುದನ್ನು ಸುಖವೆಂದು ತಿಳಿಯಬೇಕು?

ಸರಿ, ಹೊತ್ತಾಯಿತು. ನಾಳೆಯಿಂದ ಶ್ರಾವಣ ಮುಗಿಯುವವರೆಗೆ, ಪ್ರವಚನಕ್ಕೆ ಮೊದಲು ಒಂದು ತಾಸು, ದಾಸೋಹ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಮಕ್ಕಳ ಪುಸ್ತಕಗಳನ್ನು ಹರಡಿ ಇಡಿಸುತ್ತೇವೆ. ಯಾವ ಜಾತಿ, ಯಾವ ಮನೆ, ಯಾವ ಶಾಲೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮನೆಗೂ ಒಯ್ಯಬಹುದು. ಹರಿದರೆ ತಂದುಕೊಡಿ, ಅಂಟಿಸೋಣ. ದಾಸೋಹದಲ್ಲಿ ಅಂಟಿಗೆ ಹಿಟ್ಟಿನ ಕೊರತೆಯಿಲ್ಲ. ಮನೆಯಲ್ಲಿ ಮಕ್ಕಳು ಓದಿ ಬಿಟ್ಟ ಪುಸ್ತಕಗಳಿದ್ದವರು ರದ್ದಿಗೆ ಹಾಕದೆ ತಂದು ಅದೇ ಚಾಪೆಯ ಮೇಲೆ ಇಡಬಹುದು. ಕಾಯಿ, ಕರ್ಪೂರ ತಂದದ್ದಕ್ಕಿಂತ ನಮಗೆ ಅದು ಹೆಚ್ಚು ಸಂತೋಷ.

ಈಗ ಪ್ರಸಾದಕ್ಕೆ ಏಳಬೇಡಿ, ಇನ್ನೂ ಹತ್ತು ನಿಮಿಷವಿದೆ. ಆರನೇ ಇಯತ್ತೆಯ ಒಬ್ಬಳು ಹುಡುಗಿ ಒಂದು ಕಥೆ ಓದಬೇಕೆಂದು ಆಗಿನಿಂದ ಪುಸ್ತಕ ಹಿಡಿದುಕೊಂಡು ಕುಳಿತಿದ್ದಾಳೆ. ಬಾ ತಾಯೀ, ಮೇಲೆ ಬಾ. ಆ ಮೈಕನ್ನು ಅವಳಿಗೆ ಎಟುಕುವಂತೆ ಸ್ವಲ್ಪ ಕೆಳಗೆ ಇಳಿಸಿಕೊಡಿ.